ಸಂತ ಫೊತಿನಿ ಚರ್ಚಿನ ಗುಂಯ್ ಸದ್ದು

ಹದಿನೈದು ನಿಮಿಷ ಎಂದುಬಿಟ್ಟೆನೇ, ಇಪ್ಪತ್ತು ಎಂದೆನೇ? ಇಪ್ಪತ್ತು ಎಂದಿದ್ದರೆ ಇನ್ನೂ ಸ್ವಲ್ಪ ಮಾನ ಉಳಿದೀತು. ಆದರೆ ಕಾಫಿ ಅಂಗಡಿಯಲ್ಲಿ ಅಷ್ಟು ಜನರ ಮುಂದೆ ಎದ್ದು ನಿಂತು ಇಪ್ಪತ್ತು ಎನ್ನುವಷ್ಟು ವಿವೇಕ ತನಗೆ ಎಲ್ಲಿಂದ ಬರಬೇಕು? ಹದಿನೈದೇ ಎಂದಿರಬೇಕು. ಬೆರಳು ಬೇರೆ ಎತ್ತಿರಬೇಕು.

ಸಂತ ಫೊತಿನಿ ಚರ್ಚಿನ ಗಂಟೆಗೋಪುರದ ಬುಡದಲ್ಲಿ ಮೇಣದಬತ್ತಿ ಇಡುವ ಒಂದು ಕೋಣೆಯಿದೆ. ಅಲ್ಲಿ ಆಂಪ್ಲಿಫೈಯರಿನ ಮುಂದೆ ಮಂಡಿಯೂರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಅನೆಸ್ತಿಸ್ ಹೀಗೆ ತನ್ನ ಮೇಲೆ ತಾನೇ ವಿಚಾರಣೆ ನಡೆಸುತ್ತಿದ್ದದ್ದು ಕೆಲಸದ ಎರಡನೇ ದಿನ, ಶನಿವಾರ ಮಧ್ಯಾಹ್ನ. ಹದಿನೈದು ನಿಮಿಷದ ಕೆಲಸಕ್ಕೆ ಎರಡನೇ ದಿನ ಬರುವುದು ನಮ್ಮೂರಲ್ಲಿ ಹೊಸದೇನಲ್ಲ. ಬೆರಳೆತ್ತಿ ಹೇಳಿದವನಿಗೆ ಮಾತ್ರ ಅದು ಸ್ವಲ್ಪ ಚುಚ್ಚುತ್ತದೆ.

ಅನೆಸ್ತಿಸನಿಗೆ ಐವತ್ತೆಂಟು. ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಅವನು ಮೂವತ್ತು ವರ್ಷ ಮಾಡಿದ್ದನ್ನು ಹೆಂಡತಿ ಪಾರ್ಥೆನಾ ಎರಡೇ ಪದದಲ್ಲಿ ಹೇಳುತ್ತಾಳೆ: "ಸದ್ದು ತೆಗೆಯೋದು." ತಪ್ಪೇನಲ್ಲ. ಬಾಯ್ಲರು ಎಷ್ಟು ಕಾದಿದೆ ಎಂಬ ಸಣ್ಣ ಸುದ್ದಿಯೊಂದು ತಂತಿ ಹಿಡಿದು ಕಂಟ್ರೋಲ್ ರೂಮಿಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ದೊಡ್ಡ ಯಂತ್ರಗಳ ಗಲಾಟೆ ಅದಕ್ಕೆ ಅಂಟಿಕೊಳ್ಳುತ್ತದೆ. ಗಲಾಟೆಯನ್ನು ಬಾಗಿಲಲ್ಲೇ ನಿಲ್ಲಿಸಿ ಸುದ್ದಿಯನ್ನು ಮಾತ್ರ ಒಳಗೆ ಬಿಡುವುದು ಅವನ ಉದ್ಯೋಗ. ಎರಡು ವರ್ಷದ ಹಿಂದೆ ಅವನ ಘಟಕವನ್ನೇ ನಿಲ್ಲಿಸಿದರು. ಈಗ ಅಲ್ಲಿ ತೆಗೆಯಬೇಕಾದ ಸದ್ದು ಯಾವುದೂ ಇಲ್ಲ. ಮನೆಯಲ್ಲೋ, ಪಾರ್ಥೆನಾ ತನ್ನ ಸದ್ದನ್ನು ತೆಗೆಯಲು ಬಿಡುವುದಿಲ್ಲ.

ಹೀಗಿರುವಾಗ ಗುರುವಾರ ಕಾಫಿ ಅಂಗಡಿಗೆ ಪಾಪಾ ಲಾಜರೊಸ್ ತಲೆ ಹಿಡಿದುಕೊಂಡು ಬಂದರು. ಅವರು ನಮ್ಮ ಚರ್ಚಿಗೆ ಪಾದ್ರಿಗಳಾಗಿ ಬಂದು ಎಂಟು ತಿಂಗಳಾಗಿತ್ತು. ಇಪ್ಪತ್ತಾರನೇ ತಾರೀಕು ಸಂತ ಫೊತಿನಿಯ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆ; ಬಿಷಪ್ಪರ ಸಹಾಯಕ ಫೋನು ಮಾಡಿ ಎಚ್ಚರಿಸಿದ್ದಾನೆ. "'ಬಿಷಪ್ಪರ ಕಿವಿಯೊಳಗೆ ಮೊದಲೇ ಒಂದು ಗುಂಯ್ ಇದೆ, ನಿಮ್ಮ ಚರ್ಚಿನದನ್ನೂ ಅದಕ್ಕೆ ಸೇರಿಸಬೇಡಿ' ಅಂದ. ನಾನೇನ್ ಮಾಡ್ಲಿ? ನಾನು ಬರೋದಕ್ಕೆ ಮುಂಚಿಂದ ಈ ಸ್ಪೀಕರು ಗುಂಯ್ ಅಂತಿದೆ."

ಅನೆಸ್ತಿಸ್ ಎದ್ದು ನಿಂತ. ಬೆರಳೆತ್ತಿದ. ಹದಿನೈದು ನಿಮಿಷ ಎಂದ.

ಅಂಗಡಿಯಲ್ಲಿ ಪಗಡೆಯ ದಾಳ ಉರುಳುವುದು ನಿಂತಿತು. ಎಲ್ಲರೂ ಅವನನ್ನೇ ನೋಡಿದರು. ಇದು ಮೆಚ್ಚುಗೆ ಎಂದು ಅವನು ತಿಳಿದ. ಔಷಧಿ ಅಂಗಡಿಯ ಕ್ಲೆಯಾಂಥಿಸ್, ನಮ್ಮ ಚರ್ಚಿನ ಸಮಿತಿಯ ಹಿರಿಯ, ಕನ್ನಡಕ ತೆಗೆದು ಒರೆಸಿದ.

"ಅನೆಸ್ತಿ, ನೀನೇ ತೆಗೀತೀಯಾ?"

"ಇನ್ಯಾರು ತೆಗೀತಾರೆ?"

"ಅಲ್ಲ… ನಿನಗೆ ಪರವಾಗಿಲ್ವಾ?"

"ನನಗೇನಾಗತ್ತೆ? ಮೂವತ್ತು ವರ್ಷ ಇದೇ ಮಾಡಿದೀನಿ."

"ಸರಿಯಪ್ಪ. ಮಗನಾಗಿ ನೀನೇ ಹೀಗಂದ್ಮೇಲೆ ನಾವ್ಯಾರು ಬೇಡ ಅನ್ನೋಕೆ?"

ಚರ್ಚಿನ ಹಾಡುಗಾರ ಸ್ತೆರ್ಯೊಸ್ ಅರ್ಧ ಕುಡಿದ ಕಾಫಿಯನ್ನು ಬಿಟ್ಟು ಎದ್ದುಹೋದ. ಅವನಿಗೆ ಹೊಟ್ಟೆಕಿಚ್ಚು ಎಂದು ಅನೆಸ್ತಿಸ್ ತಿಳಿದ. ಒಟ್ಟಿನಲ್ಲಿ ಆ ಸಂಜೆ ತಿಳಿಯಬಾರದ್ದನ್ನೆಲ್ಲ ಅವನು ತಿಳಿದ. ತಿಳಿಯಬೇಕಾದ ಒಂದನ್ನು ಯಾರೂ ಹೇಳಲಿಲ್ಲ, ಅವನಿಗೆ ಗೊತ್ತೇ ಇದೆ ಎಂದು ಎಲ್ಲರೂ ತಿಳಿದಿದ್ದರು.

ರೋಗ ಅವನಿಗೆ ಶುಕ್ರವಾರ ಬೆಳಿಗ್ಗೆಯೇ ಸಿಕ್ಕಿತು. ಚರ್ಚಿನ ಅಂಗಳದಾಚೆ ಸಭಾಂಗಣವಿದೆ, ಶವಸಂಸ್ಕಾರವಾದ ಮೇಲೆ ಕಾಫಿ ಕೊಡುವ ಜಾಗ. ಅಲ್ಲಿ ಕೂತವರಿಗೂ ಪ್ರಾರ್ಥನೆ ಕೇಳಲಿ ಎಂದು ಮೂರು ವರ್ಷದ ಹಿಂದೆ ಯಾರೋ ಚರ್ಚಿನಿಂದ ಅಲ್ಲಿಗೆ ಒಂದು ತಂತಿ ಎಳೆದಿದ್ದರು. ಯಾರೋ ಎಂದರೆ ಕ್ಲೆಯಾಂಥಿಸನ ಷಡ್ಡಕ, ವೃತ್ತಿಯಲ್ಲಿ ಕೊಳಾಯಿ ರಿಪೇರಿಯವನು. ಅವನು ತಂತಿಯನ್ನು ಪೈಪಿನ ಹಾಗೆ ಕಂಡಿದ್ದ: ಈ ತುದಿಯಲ್ಲಿ ಬಿಟ್ಟದ್ದು ಆ ತುದಿಯಲ್ಲಿ ಬಂದರೆ ಆಯಿತು. ಎರಡು ಕಟ್ಟಡ, ಎರಡು ಮೀಟರು, ಎರಡು ಅರ್ತ್. ನಮ್ಮೂರಲ್ಲಿ ಅಣ್ಣತಮ್ಮಂದಿರ ಅಕ್ಕಪಕ್ಕದ ಮನೆಗಳ ನೆಲವೇ ಒಂದು ಮಟ್ಟಕ್ಕಿರುವುದಿಲ್ಲ. ವಿದ್ಯುತ್ತಿನ ಲೆಕ್ಕದಲ್ಲಿ ಎರಡು ನೆಲ ಒಂದಾಗುವುದು ಎಲ್ಲಿಂದ ಬಂತು? ನಡುವೆ ತಾಮ್ರ ಸಿಕ್ಕಿತೆಂದರೆ ಎರಡು ನೆಲದ ಜಗಳ ಅದರೊಳಗೆ ಹರಿಯುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ.

ಮದ್ದು ಅವನ ಬಳಿಯೇ ಇತ್ತು. ಘಟಕ ಮುಚ್ಚಿದ ದಿನ ಜನ ಗಡಿಯಾರ, ಕುರ್ಚಿಗಳನ್ನು ನೆನಪಿಗೆಂದು ಕೇಳಿ ಪಡೆದರೆ ಅನೆಸ್ತಿಸ್ ಅಂಗೈಯಗಲದ ಒಂದು ಬೂದು ಪೆಟ್ಟಿಗೆಯನ್ನು ಕೇಳಿ ಪಡೆದಿದ್ದ. ಅದರೊಳಗೆ ಈ ಕಡೆ ಒಂದು ಪುಟ್ಟ ದೀಪ, ಆ ಕಡೆ ಬೆಳಕನ್ನು ನೋಡುವ ಒಂದು ಕಣ್ಣು, ನಡುವೆ ಕೂದಲೆಳೆಯಷ್ಟು ಖಾಲಿ ಜಾಗ. ಈ ಕಡೆಯ ಧ್ವನಿಗೆ ತಕ್ಕಂತೆ ದೀಪ ಏರುತ್ತದೆ, ಇಳಿಯುತ್ತದೆ. ಆ ಕಣ್ಣು ಅದನ್ನು ನೋಡಿ ಮತ್ತೆ ಧ್ವನಿ ಮಾಡುತ್ತದೆ. ಮಾತು ದಾಟುತ್ತದೆ, ಜಗಳ ದಾಟುವುದಿಲ್ಲ. ಏಕೆಂದರೆ ಒಂದನ್ನೊಂದು ಮುಟ್ಟುವುದೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಆಂಪ್ಲಿಫೈಯರ್ ಆರಿಸಿ ಕೈಹಾಕಿದವನು ಶನಿವಾರ ನಾಲ್ಕು ಗಂಟೆಗೆ ಪೆಟ್ಟಿಗೆ ಜೋಡಿಸಿ ಮುಗಿಸಿ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಸದ್ದಿಲ್ಲ. ಅವನು ಖಾಲಿ ಚರ್ಚಿನ ನಡುವೆ ಹೋಗಿ ನಿಂತ. ಎಣ್ಣೆದೀಪದ ಬತ್ತಿ ಚಿಟ್ಟೆನ್ನುವುದು ಕೇಳಿಸಿತು. ಹೊರಗೆ ಚಾವಣಿಯಿಂದ ಹಿಮ ಜಾರಿ ಅಂಗಳಕ್ಕೆ ಬಿದ್ದದ್ದು ಕೇಳಿಸಿತು. ಎರಡು ವರ್ಷದಿಂದ ಯಾರಿಗೂ ಬೇಡವಾಗಿದ್ದ ತನ್ನ ವಿದ್ಯೆ ಈ ಕಲ್ಲುಗೋಡೆಗಳ ಮಧ್ಯೆ ಇಷ್ಟೊಂದು ಜಾಗವನ್ನು ತೆರವು ಮಾಡಿದೆಯಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು. ಬಹಳ ಹೊತ್ತು ನಿಂತಿದ್ದ. ಮನುಷ್ಯನಿಗೆ ಇಂಥ ಹೊತ್ತು ಸಿಗುವುದು ಕಡಿಮೆ. ಆದ್ದರಿಂದ ಅದು ಅವನಿಗೆ ಸೇರಿದ್ದಲ್ಲ ಎಂಬ ವಿಷಯವನ್ನು ನಾನು ಈಗಲೇ ಹೇಳುವುದಿಲ್ಲ.

ಭಾನುವಾರ ಅವನು ಟೈ ಕಟ್ಟಿಕೊಂಡು ಪ್ರಾರ್ಥನೆಗೆ ಬಂದ. ಅಪ್ಪನ ನಲವತ್ತನೇ ದಿನದ ಸ್ಮರಣೆಯಲ್ಲೂ ಹೊರಗೆ ಅಂಗಳದಲ್ಲೇ ಸಿಗರೇಟು ಸೇದುತ್ತ ನಿಂತಿದ್ದವನು, ಅಪ್ಪನನ್ನು ಮಣ್ಣಿಗೆ ಒಪ್ಪಿಸಿದ ದಿನದಿಂದ ಈಚೆಗೆ ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ಕಾಲಿಡುತ್ತಿದ್ದುದು ಇದೇ ಮೊದಲು. ಅವನ ತಾಯಿ ಸುಲ್ತಾನಾ, ಎಂಬತ್ತೊಂದರ ಮುದುಕಿ, ಎಡಗಡೆ ಸ್ಪೀಕರು ತೂಗುಹಾಕಿದ ಕಂಬದ ಕೆಳಗಿನ ಕುರ್ಚಿಯಲ್ಲಿ ಎಂದಿನಂತೆ ಕೂತಿದ್ದಳು.

ಸ್ತೆರ್ಯೊಸ್ ಮೊದಲ ಸಾಲನ್ನು ನೆಟ್ಟಗೆ ಎತ್ತಿದ. ಎರಡನೇ ಸಾಲಿಗೆ ಸ್ವರ ಕೊಂಚ ಕೆಳಗೆ ಬಂತು. ಮೂರನೆಯದಕ್ಕೆ ಕೈಕಂಬಿಯಿಲ್ಲದ ಮೆಟ್ಟಿಲಿಳಿಯುವವನ ಹಾಗೆ ಇಳಿಯುತ್ತ ಇಳಿಯುತ್ತ ಎದೆಯೊಳಗೇ ಹೂತುಹೋದ. ಗಾಬರಿಯಿಂದ ಮೇಲೆ ಹಾರಿದ. ಹಾರಿದ್ದು ಹೆಚ್ಚಾಗಿ ಮೇಕೆಯ ಮರಿ ಕೂಗಿದಂತಾಯಿತು. ಪರದೆಯ ಹಿಂದಿನಿಂದ ಪಾಪಾ ಲಾಜರೊಸ್ ಇನ್ನೊಂದು ಸ್ವರದಲ್ಲಿ ಉತ್ತರ ಕೊಟ್ಟರು. ಜನ ತಲೆಯೆತ್ತಿ ಸ್ಪೀಕರನ್ನು ನೋಡಿದರು.

ಸುಲ್ತಾನಾ ಎದ್ದು ನಿಂತು ಕಂಬದ ಮೇಲೆ ಅಂಗೈಯಿಟ್ಟಳು.

"ಪ್ರೊದ್ರೊಮೊಸ್?" ಎಂದು ಮೆಲ್ಲಗೆ ಕೇಳಿದಳು.

ಮೆಲ್ಲಗೇ ಕೇಳಿದರೂ ಚರ್ಚಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಗುಂಯ್ ಇರಲಿಲ್ಲವಲ್ಲ.

ಪಕ್ಕದ ಮನೆಯ ಎವ್ಲಾಂಬಿಯಾ ಪುರುಷರ ಸಾಲಿಗೇ ನುಗ್ಗಿ ಅನೆಸ್ತಿಸನ ಟೈ ಹಿಡಿದಳು.

"ನಿಮ್ಮಪ್ಪನ್ನ ಏನ್ ಮಾಡ್ದೆಯೋ?"

"ನಮ್ಮಪ್ಪನ್ನಾ? ಅವರು ಹೋಗಿ ಮೂರು ವರ್ಷ ಆಯ್ತಲ್ಲ ಎವ್ಲಾಂಬಿಯಮ್ಮ!"

"ಸತ್ತಿದ್ದು ಮೂರು ವರ್ಷದ ಹಿಂದೆ. ಸುಮ್ಮನಾಗಿದ್ದು ಯಾವಾಗ, ಅದು ಹೇಳು!"

ಈಗ ಪ್ರೊದ್ರೊಮೊಸನ ವಿಷಯ ಹೇಳಬೇಕು. ನಮ್ಮ ಚರ್ಚಿನ ಹಾಡಿಕೆಗೆ ವಾದ್ಯವಿಲ್ಲ. ಒಬ್ಬ ಹಾಡುತ್ತಾನೆ, ಪಕ್ಕದಲ್ಲಿ ಒಬ್ಬ ಒಂದೇ ಸ್ವರವನ್ನು ಬಿಡದೆ ಹಿಡಿದು ಅವನಿಗೆ ಶ್ರುತಿಯಾಗಿ ನಿಲ್ಲುತ್ತಾನೆ. ಪ್ರೊದ್ರೊಮೊಸ್ ನಲವತ್ತೊಂದು ವರ್ಷ ಹಾಗೆ ನಿಂತ. ಒಂದು ಪದ ಹಾಡಿದವನಲ್ಲ. ಪದಗಳು ಬೀಳದಂತೆ ಕೆಳಗೆ ಕೈಯೊಡ್ಡಿದವನು. ತನ್ನ ಜಾಗಕ್ಕೆ ಮಗ ಬರಲಿ ಎಂದು ಅವನಿಗೆ ಆಸೆ. ಒಂದು ಈಸ್ಟರ್ ಊಟದಲ್ಲಿ, ಕುರಿಯ ಮಾಂಸದ ಮುಂದೆ ಕೂತು ಬಾಯಿಬಿಟ್ಟು ಕೇಳಿದ. ಅನೆಸ್ತಿಸ್, "ಒಂದೇ ಸ್ವರ ತಾನೆ ಅಪ್ಪಾ? ಅದನ್ನ ಒಂದು ಯಂತ್ರಾನೂ ಮಾಡತ್ತೆ" ಎಂದ. ಅಲ್ಲಿಂದ ಎಂಟು ವರ್ಷ, ಸಾಯುವವರೆಗೆ, ಅಪ್ಪಮಗ ಮಾತಾಡಲಿಲ್ಲ.

ಆದರೆ ಸುದ್ದಿ ಹೋಗದೆ ಇರುತ್ತಿರಲಿಲ್ಲ. "ಆ ಕತ್ತೆಗೆ ಹೇಳು, ಹಿಮ ಬೀಳೋ ಹಾಗಿದೆ, ಸೌದೆ ತಗೊಂಡು ಸಾಯಲಿ" ಎಂದು ಪ್ರೊದ್ರೊಮೊಸ್ ಅಡುಗೆಮನೆಯಲ್ಲಿ ಗುಡುಗಿದರೆ, ಸುಲ್ತಾನಾ ಶಾಲು ಹೊದ್ದು ಮಗನ ಮನೆಗೆ ಬಂದು, "ಸೌದೆ ಇದೆಯಾ ಅಂತ ನಿಮ್ಮಪ್ಪ ಕೇಳಿದ್ರು ಕಣೋ" ಎನ್ನುತ್ತಿದ್ದಳು. "ಅವರ ಸೌದೆ ಅವರೇ ಸುಟ್ಕೊಳ್ಲಿ" ಎಂದು ಇವನೆಂದರೆ, ಹಿಂತಿರುಗಿ, "ಇದೆಯಂತೆ. ನಿಮಗೆ ಹುಷಾರು ಅಂದ" ಎನ್ನುತ್ತಿದ್ದಳು. ಸ್ಥಾವರದವರು ಜರ್ಮನಿಯಿಂದ ತರಿಸುತ್ತಿದ್ದ ಆ ಬೂದು ಪೆಟ್ಟಿಗೆಯಂಥ ಸಾಮಾನು ನಮ್ಮೂರಲ್ಲಿ ಒಬ್ಬ ಮುದುಕಿಯ ಶಾಲಿನೊಳಗೇ ಇತ್ತು. ಎರಡು ಕಡೆಯ ಕಿಡಿಯೆಲ್ಲ ಅವಳಲ್ಲೇ ಉಳಿಯುತ್ತಿತ್ತು.

ಪ್ರೊದ್ರೊಮೊಸ್ ಸತ್ತ ನಲವತ್ತನೇ ದಿನದ ಸ್ಮರಣೆಗೆ ಚರ್ಚಿನಲ್ಲಿ ಹಿಡಿಸದಷ್ಟು ಜನ ಸೇರಿದರು. ಅವತ್ತೇ ಕೊಳಾಯಿಯವನು ಸಭಾಂಗಣಕ್ಕೆ ತಂತಿ ಎಳೆದದ್ದು. ಸ್ತೆರ್ಯೊಸ್ ಒಂಟಿಯಾಗಿ, ನಡುಗುತ್ತ, ಬಾಯಿ ತೆರೆದ. ಮೇಲಿನಿಂದ ಗುಂಯ್ ಎಂದು ಒಂದೇ ಸ್ವರ, ತುಂಬು ಗಂಟಲಿನದು, ಅವನ ಕೆಳಗೆ ಬಂದು ನಿಂತಿತು. ಎವ್ಲಾಂಬಿಯಾ ಶಿಲುಬೆಯ ಗುರುತು ಹಾಕಿಕೊಂಡು "ಬಂದ್ರು" ಎಂದಳು. ಮೊದಲು ತಮಾಷೆಯಾಯಿತು, ಆಮೇಲೆ ಅಭ್ಯಾಸವಾಯಿತು, ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಹೊಸ ಪಾದ್ರಿಗಳಿಗೆ ಹೇಳುವ ವಿಷಯ ಇದಲ್ಲ. ಮಗನಿಗೆ ಸುಲ್ತಾನಾ ಹೇಳಿರುತ್ತಾಳೆ ಎಂದುಕೊಂಡರು. ಸುಲ್ತಾನಾ, ಎಂಟು ವರ್ಷದ ರೂಢಿಯಂತೆ, ನೋಯಿಸಬಹುದಾದ್ದನ್ನು ದಾಟಿಸಿರಲಿಲ್ಲ.

ಭಾನುವಾರ ಮಧ್ಯಾಹ್ನವೇ ಜನ ಅನೆಸ್ತಿಸನ ಮನೆಗೆ ಬರತೊಡಗಿದರು. ಕಪ್ಪುಬಟ್ಟೆ, ಕೈಯಲ್ಲಿ ರಸ್ಕು, ಬ್ರಾಂದಿ. ಪಾರ್ಥೆನಾ ಬೇರೆ ದಾರಿ ಕಾಣದೆ ಸಾವಿನ ಮನೆಯ ಕಾಫಿ, ಸಕ್ಕರೆಯಿಲ್ಲದ್ದು, ಕಾಸಿದಳು.

"ನೀವು ಬದುಕಿ ಅವರನ್ನ ನೆನೀತಾ ಇರಿ" ಎಂದು ಕ್ಲೆಯಾಂಥಿಸ್ ಅನೆಸ್ತಿಸನ ಕೈಹಿಡಿದ.

"ಮೂರು ವರ್ಷದ ಹಿಂದೆ ಇದೇ ಮಾತು ಹೇಳಿದ್ಯಲ್ಲ ಕ್ಲೆಯಾಂಥಿ!"

"ಅದು ಅವಾಗಿಂದು." ಕೂತು ಕಾಫಿ ಹೀರಿದ. "ಸಮಿತಿಗೆ ಒಂದು ವಿವರಣೆ ಬೇಕು. ಬರವಣಿಗೆಯಲ್ಲಿ. ಯಾವ ಅಧಿಕಾರದ ಮೇಲೆ ಅಂತ."

"ನೀನೇ ತಾನೆ ಸರಿಯಪ್ಪ ಅಂದಿದ್ದು?"

"ನಾನು ಸಂತಾಪದ ದನಿಯಲ್ಲಿ ಅಂದೆ."

ಸ್ತೆರ್ಯೊಸ್ ಮೂಲೆಯಲ್ಲಿ ನಿಂತಿದ್ದವನು ಬಾಯಿ ಹಾಕಿದ. "ವಿವರಣೆ ಕಟ್ಕೊಂಡು ನನಗೇನು? ಶುಕ್ರವಾರ ಬಿಷಪ್ಪರ ಮುಂದೆ ನಾನು ಒಂಟಿಯಾಗಿ ಬಾಯಿ ಬಿಡಲ್ಲ. ನನಗೆ ಪ್ರೊದ್ರೊಮೊಸ್ ಬೇಕು."

"ಸ್ತೆರ್ಯೊ," ಎಂದರು ಪಾಪಾ ಲಾಜರೊಸ್, ಗಡ್ಡ ಸವರುತ್ತ, "ಶಾಸ್ತ್ರದ ಪ್ರಕಾರ ಸತ್ತವರು ಸ್ಪೀಕರಲ್ಲಿ ಬರೋದಿಲ್ಲಪ್ಪ."

"ಬರೋದಿಲ್ಲ ಅಂತ ಎಲ್ಲಿ ಬರೆದಿದೆ ಗುರುಗಳೇ?" ಎಂದಳು ಎವ್ಲಾಂಬಿಯಾ.

ಪಾದ್ರಿಗಳು ಯೋಚಿಸಿದರು. ಎಲ್ಲೂ ಬರೆದಿರಲಿಲ್ಲ.

ಒಳಗಿನ ಕೋಣೆಯಲ್ಲಿ ಸುಲ್ತಾನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಗಿನಿಂದ ಅನ್ನನೀರು ಮುಟ್ಟಿರಲಿಲ್ಲ. ಅನೆಸ್ತಿಸ್ ಮಂಚದ ತುದಿಯಲ್ಲಿ ಕೂತು ಎರಡು ಅರ್ತ್, ಒಂದು ತಾಮ್ರದ ತಂತಿ, ಅವುಗಳ ನಡುವಿನ ವ್ಯತ್ಯಾಸ ಎಲ್ಲವನ್ನೂ ಹೇಳಿದ. ಅಷ್ಟು ಚೆನ್ನಾಗಿ ಅವನು ಸ್ಥಾವರದ ಹೊಸಬರಿಗೂ ಹೇಳಿಕೊಟ್ಟಿರಲಿಲ್ಲ.

"ನೀನು ಓದ್ದೋನು" ಎಂದಳು ತಾಯಿ, ಗೋಡೆಗೆ. ಕಂಬಳಿ ಎಳೆದುಕೊಂಡು, "ಮೊದಲನೇ ಸಲ ಹೇಳಿ ಹೋಗಿದ್ರು. ಈ ಸಲ ಹೇಳ್ದೇನೇ ಹೋದ್ರು" ಎಂದಳು.

ಪಾರ್ಥೆನಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಎದ್ದೇಳು. ತೆಗೆದಿದ್ದನ್ನ ವಾಪಸ್ ಇಟ್ಬಾ. ನಿಮ್ಮಮ್ಮ ಹೀಗೇ ಇದ್ರೆ ಹಬ್ಬದ ದಿನಾನೂ ಕಾಣಲ್ಲ."

ಇಟ್ಟುಬರುವುದು ಹದಿನೈದು ನಿಮಿಷದ ಕೆಲಸ. ಈ ಸಲ ಬೆರಳೆತ್ತಲಿಲ್ಲ. ಸೋಮವಾರ ಪೆಟ್ಟಿಗೆ ಬಿಚ್ಚಿದ, ತಾಮ್ರಕ್ಕೆ ತಾಮ್ರ ಸೇರಿಸಿದ, ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಸದ್ದಿಲ್ಲ. ತಂತಿ ಅಲುಗಿಸಿದ. ಹಳೆಯ ಪ್ಲಗ್ಗನ್ನು ಕಸದ ಬುಟ್ಟಿಯಿಂದ ಹೆಕ್ಕಿ ಹಾಕಿದ. ಮೂವತ್ತು ವರ್ಷ ಯಾವ್ಯಾವುದನ್ನು ಮಾಡಬಾರದು ಎಂದು ಬೇರೆಯವರಿಗೆ ಬೈದಿದ್ದನೋ ಅದನ್ನೆಲ್ಲ ಒಂದೊಂದಾಗಿ ಮಾಡಿದ. ಕೊನೆಗೆ ಸ್ಪೀಕರು ಕರಕರ ಎಂದಿತು, ಕೆಮ್ಮಿದಂತೆ ಮಾಡಿತು, ಆಮೇಲೆ ಖಾಲಿ ಚರ್ಚಿನ ತುಂಬ ಯಾವುದೋ ರೇಡಿಯೋದವನ ದನಿಯಲ್ಲಿ "ಗೋಲ್!" ಎಂದು ಕಿರುಚಿತು.

ದೀಪಗಳನ್ನು ಉಜ್ಜುತ್ತಿದ್ದ ಎವ್ಲಾಂಬಿಯಾ ಗದ್ದ ಮೇಲೆತ್ತಿ "ತ್ಸ್" ಎಂದಳು. "ಇದು ಅವರಲ್ಲ. ಅವರು ಫುಟ್‌ಬಾಲ್ ನೋಡ್ತಿರಲಿಲ್ಲ."

ಮಂಗಳವಾರ ಅವನು ವಿದ್ಯುತ್ ಕಚೇರಿಗೆ ಹೋದ. ಕಿಟಕಿಯೊಳಗೆ ಒಬ್ಬ ಅಧಿಕಾರಿ ಎಳ್ಳು ಹಚ್ಚಿದ ಬಳೆಯಂಥ ರೊಟ್ಟಿ ತಿನ್ನುತ್ತಿದ್ದ.

"ಏನು ದೂರು?"

"ಸದ್ದಿಲ್ಲ."

"ಕರೆಂಟಿಲ್ವಾ?"

"ಕರೆಂಟ್ ಇದೆ. ಸದ್ದಿಲ್ಲ."

"ಅದು ದೂರಲ್ಲ ಸ್ವಾಮಿ, ಅದು ಸಂತೋಷ. ಎಲ್ಲಿ?"

"ಸಂತ ಫೊತಿನಿ ಚರ್ಚು."

ಅಧಿಕಾರಿ ಎಳ್ಳು ಕೊಡವಿ ಕಡತ ತೆಗೆದ. ಮುಖ ಅರಳಿತು. "ಇದೆಯಲ್ಲ! ನಿಮ್ಮ ಹಿಂದಿನ ಪಾದ್ರಿಗಳು ಮೂರು ವರ್ಷದ ಹಿಂದೆ ಅರ್ಜಿ ಕೊಟ್ಟಿದಾರೆ. 'ಗುಂಯ್ ಎನ್ನುತ್ತದೆ, ದಯಮಾಡಿ ನೋಡತಕ್ಕದ್ದು.' ಮೊನ್ನೆ ಶುಕ್ರವಾರ ಮಧ್ಯಾಹ್ನ ನೋಡಿದ್ವಿ. ಅಂಗಳದ ಹೊರಗಿನ ಕಂಬದಲ್ಲಿ ನ್ಯೂಟ್ರಲ್ ಜಾಯಿಂಟು ಸುಟ್ಟು ಕರಕಲಾಗಿತ್ತು. ಹೊಸದು ಹಾಕಿದ್ವಿ. ಇನ್ಮೇಲೆ ಎರಡು ಕಟ್ಟಡಕ್ಕೂ ಅರ್ತ್ ಒಂದೇ ಥರ, ಕೂದಲಷ್ಟೂ ವ್ಯತ್ಯಾಸ ಇರಲ್ಲ."

ಅನೆಸ್ತಿಸ್ ಬೆರಳು ಮಡಿಸಿ ದಿನ ಎಣಿಸಿದ. ಶುಕ್ರವಾರ ಮಧ್ಯಾಹ್ನ. ಅಂದರೆ ಶನಿವಾರ ಅವನು ಚರ್ಚಿನ ನಡುವೆ ನಿಂತು ಕಣ್ಣು ಒದ್ದೆ ಮಾಡಿಕೊಂಡ ಆ ಮೌನ ಕಂಬ ಹತ್ತಿದ ಯಾರೋ ಒಬ್ಬನದು. ಬೂದು ಪೆಟ್ಟಿಗೆ ಏನೂ ಮಾಡಿರಲಿಲ್ಲ.

"ಆ ಹಳೇ ಜಾಯಿಂಟು… ವಾಪಸ್ ಹಾಕೋಕಾಗತ್ತಾ?"

"ಸುಟ್ಟಿದ್ದನ್ನಾ?"

"ಹೌದು."

ಅಧಿಕಾರಿ ರೊಟ್ಟಿ ಕೆಳಗಿಟ್ಟು ಒಂದು ಹಾಳೆ ತಳ್ಳಿದ. "ಅರ್ಜಿ ಬರೀರಿ."

"ಎಷ್ಟು ದಿನ ಆಗಬಹುದು?"

ಅಧಿಕಾರಿ ಹಿಂದಿನ ಅರ್ಜಿಯ ತಾರೀಕು ನೋಡಿದ. "ಹೋದ ಸಲ ಬೇಗ ಆಯ್ತು."

ಊರಿಗೆ ಬಂದು, ತೆಗೆದದ್ದು ತಾನಲ್ಲ, ಕಂಬದವರು ಎಂದು ಅನೆಸ್ತಿಸ್ ಸಮಿತಿಯ ಮುಂದೆ ಹೇಳಿಕೊಂಡ. ಯಾರೂ ನಂಬಲಿಲ್ಲ. "ಬೆರಳೆತ್ತಿದ್ದು ನೀನು" ಎಂದ ಕ್ಲೆಯಾಂಥಿಸ್. ಮಾಡದ ಕೆಲಸದ ಕೀರ್ತಿ ಮನುಷ್ಯನಿಗೆ ಇಷ್ಟು ಗಟ್ಟಿಯಾಗಿ ಅಂಟಿದ್ದನ್ನು ನಮ್ಮೂರು ಕಂಡಿರಲಿಲ್ಲ.

ಬುಧವಾರ ಅವನು ಕೊನೆಯ ಉಪಾಯ ಮಾಡಿದ. ಸ್ಥಾವರದ ದಿನಗಳ ಒಂದು ಯಂತ್ರವಿತ್ತು. ಬೇಕಾದ ಸ್ವರವನ್ನು ಬೇಕಾದಷ್ಟು ಹೊತ್ತು ಒಂದೇ ಸಮನೆ ಹೊರಡಿಸುತ್ತದೆ. ಅದೇ ಸ್ವರಕ್ಕೆ ತಿರುಗಿಸಿ ಆಂಪ್ಲಿಫೈಯರಿಗೆ ಜೋಡಿಸಿದ. ಸ್ತೆರ್ಯೊಸ್ ಕೇಳಿ, ಸಾಕು, ಇದನ್ನು ಹಿಡಿದು ನಡೆಯಬಲ್ಲೆ ಎಂದ. ಪಾರ್ಥೆನಾ ಅತ್ತೆಯನ್ನು ತೋಳು ಹಿಡಿದು ಕರೆತಂದಳು. ಮೂರು ದಿನದ ಉಪವಾಸ. ಶಾಲು ಮೈಮೇಲೆ ನಿಲ್ಲುತ್ತಿರಲಿಲ್ಲ. ಸುಲ್ತಾನಾ ಕಂಬದ ಕೆಳಗೆ ಕೂತು ಕಣ್ಣುಮುಚ್ಚಿ ಕೇಳಿದಳು.

"ಇದ್ಯಾರು?" ಎಂದಳು.

"ಅಪ್ಪ, ಅಮ್ಮಾ."

"ಅಲ್ಲ. ಇದಕ್ಕೆ ಗಂಟಲಿಲ್ಲ." ಎದ್ದಳು. "ನಡಿ ಪಾರ್ಥೆನಾ, ಮನೆಗೆ."

ಹೀಗಾಗಿ ಇಪ್ಪತ್ತಾರನೇ ತಾರೀಕು, ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ, ಮೇಣದಬತ್ತಿ ಕೋಣೆಯೊಳಗಿನಿಂದ ಅಗುಳಿ ಹಾಕಿಕೊಂಡು, ಆಂಪ್ಲಿಫೈಯರಿಗೆ ಒಂದು ಮೈಕು ಸಿಕ್ಕಿಸಿ, ಕತ್ತಿಗೆ ಮಫ್ಲರು ಸುತ್ತಿ ಅನೆಸ್ತಿಸ್ ನಿಂತಿದ್ದ. ಸದ್ದು ಬಂತು, ರಿಪೇರಿಯಾಯಿತು, ಅಮ್ಮನನ್ನು ಕರೆತಾ ಎಂದು ಮಾತ್ರ ಹೆಂಡತಿಗೆ ಹೇಳಿದ್ದ. ಹೊರಗೆ ಗಂಟೆ, ಬಿಷಪ್ಪರ ಕಾರು, ಜನರ ಗುಜುಗುಜು. ಆಮೇಲೆ ಸ್ತೆರ್ಯೊಸನ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಅನೆಸ್ತಿಸ್ ಬಾಯಿ ತೆರೆದ.

ಒಂದೇ ಸ್ವರ ಎಂದು ಅವನು ಹಿಂದೊಮ್ಮೆ ಹೇಳಿದ್ದ. ಒಂದೇ ಸ್ವರವನ್ನು ಎರಡೂವರೆ ಗಂಟೆ ಹಿಡಿಯುವುದೆಂದರೇನು ಎಂಬುದು ಮೊದಲ ಹತ್ತು ನಿಮಿಷಕ್ಕೆ ಅವನಿಗೆ ಅರ್ಥವಾಯಿತು. ವಿದ್ಯುತ್ತು ಉಸಿರಾಡುವುದಿಲ್ಲ. ಅದಕ್ಕೆ ಬೆನ್ನು ನೋಯುವುದಿಲ್ಲ, ಬಾಯಿ ಒಣಗುವುದಿಲ್ಲ. ಸ್ತೆರ್ಯೊಸ್ ಉಸಿರೆಳೆಯುವ ಹೊತ್ತಿಗೆ ಇವನು ಎಳೆಯುವಂತಿಲ್ಲ. ಅವನು ಏರಿದಾಗ ಏರುವಂತಿಲ್ಲ. ಎಷ್ಟು ಚೆಂದ ಹಾಡಿದರೂ ಹಿಂದೆ ಹೋಗುವಂತಿಲ್ಲ. ನಿಂತಲ್ಲಿ ನಿಲ್ಲಬೇಕು. ಅಪ್ಪ ನಲವತ್ತೊಂದು ವರ್ಷ ಎಲ್ಲಿ ಕದ್ದು ಉಸಿರಾಡುತ್ತಿದ್ದ ಎಂದು ಕೇಳಿ ತಿಳಿಯಬಹುದಾಗಿದ್ದ ಎಂಟು ವರ್ಷವೂ ಕಳೆದುಹೋಗಿತ್ತು.

ಆದರೆ ಒಳಗೆ ಸ್ತೆರ್ಯೊಸ್ ಹಾಡುತ್ತಿದ್ದ. ಬೀಳದೆ ಹಾಡುತ್ತಿದ್ದ. ಜನ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು ಸ್ಪೀಕರಿನ ಕಡೆ ಕಣ್ಣು ಮಾಡಿದರು. ಸುಲ್ತಾನಾ ಕಂಬಕ್ಕೆ ತಲೆಯಾನಿಸಿ ಕೂತಿದ್ದಳು.

ಐದು ರೊಟ್ಟಿಗಳನ್ನು ಹರಸುವ ಹೊತ್ತಿಗೆ ಅದು ಆಯಿತು. ಮೇಣದ ಧೂಳೋ, ಚಳಿಯೋ. ಅನೆಸ್ತಿಸ್ ಬಾಯಿಗೆ ಮಫ್ಲರು ತುರುಕುವ ಮೊದಲೇ ಒಂದು ಕೆಮ್ಮು ಹೊರಬಿತ್ತು. ನಾಲ್ಕು ಸ್ಪೀಕರುಗಳಿಂದ, ಬಿಷಪ್ಪರ ಕಿರೀಟದ ಮೇಲೆ, ಗುಡುಗಿನಂಥ ಕೆಮ್ಮು. ಹಿಂದೆಯೇ ಎರಡನೆಯದು. ಆಮೇಲೆ ಸ್ವರ ಮತ್ತೆ ಬಂತು, ನಡುಗುತ್ತ.

ಬಿಷಪ್ಪರು ರೊಟ್ಟಿಯ ಮೇಲೆತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. "ಶ್ರುತಿ ಹಿಡಿದಿರೋರು ಯಾರು?"

ಪಾಪಾ ಲಾಜರೊಸ್ ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಈ ಒಂದು ವಾರದಲ್ಲಿ ನಿಜ ಯಾವುದೆಂಬುದೂ ಅವರಿಗೆ ಮರೆತಿತ್ತು. "ಪ್ರೊದ್ರೊಮೊಸ್ ಅಂತ, ಪೂಜ್ಯರೇ. ಮೂರು ವರ್ಷದ ಹಿಂದೆ ತೀರಿಕೊಂಡರು."

ಬಿಷಪ್ಪರು ತಲೆಯೆತ್ತಿ ಸ್ಪೀಕರನ್ನು ನೋಡಿದರು. ಅವರ ಕಿವಿಯಲ್ಲಿ ಮೊದಲೇ ಏನೇನೋ ಕೇಳಿಸುತ್ತಿತ್ತು. ಇದನ್ನೂ ಅದರ ಜೊತೆ ಸೇರಿಸಿಕೊಂಡಂತೆ ಕಂಡಿತು. "ಅದಕ್ಕೇ ಸುಸ್ತು" ಎಂದು ರೊಟ್ಟಿ ಹರಸಿದರು.

ಪ್ರಾರ್ಥನೆ ಮುಗಿದು ಬಿಷಪ್ಪರು ಊಟಕ್ಕೆ ಹೋದ ಮೇಲೆ ಅನೆಸ್ತಿಸ್ ಹಿಂಬಾಗಿಲಿಂದ ಹೊರಬಂದ. ಗಂಟಲಲ್ಲಿ ಒಂದು ಪದ ಹೊರಡುವ ಸ್ಥಿತಿಯಿರಲಿಲ್ಲ. ಆದರೆ ಮನಸ್ಸಿನಲ್ಲಿ ಒಂದು ತೀರ್ಮಾನವಾಗಿತ್ತು: ಅಮ್ಮ ಇರುವಷ್ಟು ದಿನ, ಪ್ರತಿ ಭಾನುವಾರ, ಇದೇ ಕೋಣೆ, ಇದೇ ಅಗುಳಿ. ಗಂಟಲ ಗುಳಿಗೆ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕುತ್ತ ಅಂಗಳ ದಾಟಿದ. ತಾಯಿ ಅಲ್ಲಿರಲಿಲ್ಲ.

"ಸಮಾಧಿ ಹತ್ರ ಹೋದ್ರು" ಎಂದಳು ಪಾರ್ಥೆನಾ. "ಗುರುಗಳನ್ನೂ ಊಟದಿಂದ ಎಬ್ಬಿಸಿಕೊಂಡು ಹೋದ್ರು."

ಹಿಮದ ನಡುವೆ ಪಾಪಾ ಲಾಜರೊಸ್ ಸತ್ತವರ ಪ್ರಾರ್ಥನೆ ಓದಿ ಮುಗಿಸುತ್ತಿದ್ದರು. ಸುಲ್ತಾನಾ ಬಾಗಿ ಕಲ್ಲಿನ ಮೇಲಿನ ಹಿಮವನ್ನು ಅಂಗೈಯಿಂದ ಒರೆಸುತ್ತಿದ್ದಳು, ಹಾಸಿಗೆ ಸರಿಮಾಡುವವಳ ಹಾಗೆ.

"ಸಾಕು ಪ್ರೊದ್ರೊಮೊಸ್" ಎನ್ನುತ್ತಿದ್ದಳು. "ಬದುಕಿದ್ದಾಗ ನಲವತ್ತೊಂದು ವರ್ಷ, ಆಮೇಲೆ ಮೂರು. ಒಂದು ದಿನ ಕೆಮ್ಮಿದೋರಲ್ಲ ನೀವು. ಇವತ್ತು ಕೇಳಿದೆ. ನನಗೋಸ್ಕರ ಈ ಚಳೀಲಿ ನಿಂತಿದೀರಿ. ನಾನು ಬಿಟ್ಟರೆ ತಾನೆ ನೀವು ಹೋಗೋದು? ಬಿಟ್ಟೆ. ಹೋಗಿ ಮಲಗಿ."

ಅನೆಸ್ತಿಸ್ ಬಾಯಿ ತೆರೆದ. ಗಾಳಿ ಮಾತ್ರ ಬಂತು.

"ನಿನ್ನ ಗಂಟಲಿಗೇನಾಯ್ತು?" ಎಂದಳು ತಾಯಿ, ತಿರುಗಿ.

ಅವನು ಆಕಾಶದ ಕಡೆ, ಹಿಮದ ಕಡೆ ಕೈ ತೋರಿಸಿದ.

"ಮನೆಗೆ ನಡಿ, ಬಿಸಿಯಾಗಿ ಏನಾದ್ರೂ ಕುಡಿ. ನನಗೂ ಹಸಿವಾಗಿದೆ" ಎಂದಳು.

ಮುಂದಿನ ಭಾನುವಾರ ಸ್ಪೀಕರು ಸುಮ್ಮನಿತ್ತು. ಯಾರೂ ಏನೂ ಕೇಳಲಿಲ್ಲ. ಸುಲ್ತಾನಾ ಕಂಬದ ಕೆಳಗಿನ ಕುರ್ಚಿ ಬಿಟ್ಟು ಒಲೆಯ ಹತ್ತಿರ, ಎವ್ಲಾಂಬಿಯಾಳ ಪಕ್ಕದಲ್ಲಿ ಕೂತಳು. ಸ್ತೆರ್ಯೊಸನಿಗೆ ಒಬ್ಬ ಜೀವಂತ ಮನುಷ್ಯನನ್ನು ಹುಡುಕಬೇಕೆಂದು ಸಮಿತಿ ನಿರ್ಧರಿಸಿತು. ಗಂಟಲು ಸ್ವಲ್ಪ ಸರಿಹೋದ ಮೇಲೆ ಅನೆಸ್ತಿಸ್ ಕಾಫಿ ಅಂಗಡಿಯಲ್ಲಿ, ಬೆರಳೆತ್ತದೆ, ತಾನು ನಿಂತರೆ ಆಗುತ್ತದೆಯೇ ಎಂದು ಕೇಳಿದ.

ಸ್ತೆರ್ಯೊಸ್ ಕಾಫಿ ಕೆಳಗಿಟ್ಟ. "ಬೇಜಾರ್ ಮಾಡ್ಕೋಬೇಡ ಅನೆಸ್ತಿ. ನಿಮ್ಮಪ್ಪ ಸತ್ತಮೇಲೆ ಕೆಮ್ಮಿದ ಕೆಮ್ಮಲ್ಲಿದ್ದ ಸ್ವರಾನೂ ನಿನ್ನ ಹತ್ರ ಇಲ್ಲ."

ಎಲ್ಲರೂ ನಕ್ಕರು. ಅನೆಸ್ತಿಸನೂ ನಕ್ಕ. ಮನೆಗೆ ಹೋದಾಗ ಸುಲ್ತಾನಾ ಕಿಟಕಿಯ ಬಳಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಅವನೂ ಎದುರಿಗೆ ಕೂತು ಬಿಡಿಸತೊಡಗಿದ. ಆಮೇಲೆ ಅವಳು ಏಳು ವರ್ಷ ಬದುಕಿದಳು. ಆ ಕೆಮ್ಮು ತನ್ನದೆಂದು ಅನೆಸ್ತಿಸ್ ಅವಳಿಗೆ ಎಂದೂ ಹೇಳಲಿಲ್ಲ.